ವಿನಿಫ್ರೆಡ್ ಎರಡು ಸಲ ಸತ್ತದ್ದು

ಡ್ರಮ್‌ಕೊರಾ ಚರ್ಚಿನ ಹಳೆಯ ದಾಖಲೆ ಪುಸ್ತಕಗಳನ್ನು ನೋಡಿಕೊಳ್ಳುವ ಕೆಲಸ ಡಿಂಪ್ನಾ ಗಿಲ್‌ಹೂಲಿಯ ಕೊರಳಿಗೆ ಬಿದ್ದದ್ದು, ಊರಿನಲ್ಲಿ ಬೇರೆ ಯಾರಿಗೂ ಆ ಬರಹ ಓದಲು ಬರುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತು ಲೀಟ್ರಿಮ್ ಸೀಮೆಯವರ ಕಾಗೆಕಾಲು ಗುಬ್ಬಿಕಾಲಿನ ವಿಳಾಸಗಳನ್ನು ಬಿಡಿಸಿದವಳಿಗೆ ಸತ್ತ ಪಾದ್ರಿಗಳ ಲ್ಯಾಟಿನ್ ದೊಡ್ಡದಾಗಿ ಕಾಣಲಿಲ್ಲ. ಬೇಸಿಗೆ ಬಂತೆಂದರೆ ಪರದೇಶದಿಂದ ಜನ ಬರುತ್ತಿದ್ದರು. ಮುತ್ತಜ್ಜ ಅರಸು ವಂಶದವನಿರಬೇಕು ಎನ್ನುತ್ತಾ ಬರುವರು. ಗೇಣು ಹೊಲವಿಲ್ಲದ ಕೂಲಿ ಎಂದು ತಿಳಿದು ಹೋಗುವರು. ಡಿಂಪ್ನಾ ಯಾರಿಗೂ ಸುಳ್ಳು ಹೇಳಿದವಳಲ್ಲ, ಸಮಾಧಾನ ಹೇಳಿದವಳೂ ಅಲ್ಲ. ಟೀ ಕೊಡುತ್ತಿದ್ದಳು.

ಅವಳಿಗೆ ಅರವತ್ತಾರು ತುಂಬಿದ ವರ್ಷ, ಜೂನಿನಲ್ಲಿ, ಸ್ಕಾಟ್ಲೆಂಡಿನ ಪೇಸ್ಲಿಯಿಂದ ಆರ್ಚಿ ಲೋಗಿ ಎಂಬವನು ಬಂದ. ಬಸ್ ಓಡಿಸಿ ನಿವೃತ್ತನಾದವನು. ಅಜ್ಜಿಯ ಮದುವೆಯ ನೋಂದಣಿ ಪತ್ರದ ನಕಲು ತಂದಿದ್ದ: ವಿನಿಫ್ರೆಡ್ ಗಿಲ್‌ಹೂಲಿ, ದಾರದ ಗಿರಣಿ ಕೆಲಸಗಾರ್ತಿ, 1914.

"ಗಿಲ್‌ಹೂಲಿಗಳು ಇಲ್ಲಿ ಬೇಲಿಗೊಬ್ಬರು ಸಿಗ್ತಾರೆ," ಅಂದಳು ಡಿಂಪ್ನಾ. "ಅವರ ಅಪ್ಪ ಅಮ್ಮ?"

"ಅಪ್ಪ ಪೀಟರ್. ಅಮ್ಮ ಬ್ರಿಜೆಟ್ ಮೆಗೊಲ್ರಿಕ್."

ಡಿಂಪ್ನಾ ಕನ್ನಡಕ ತೆಗೆದು ಒರೆಸಿದಳು. ಅವರಿಬ್ಬರು ಅವಳ ಸ್ವಂತ ಮುತ್ತಜ್ಜ, ಮುತ್ತಜ್ಜಿ. ಅವರ ಮಗಳು ವಿನಿಫ್ರೆಡ್, ಎಂದರೆ ಡಿಂಪ್ನಾಳ ಅಜ್ಜನ ತಂಗಿ, ಚಿಕ್ಕಮ್ಮನ ಮನೆಗೆ ಹೋದಲ್ಲಿ ಜ್ವರ ಬಂದು 1912ರಲ್ಲಿ ಸತ್ತವಳು. ಮನೆತನದ ಸಮಾಧಿ ಕಲ್ಲಿನ ಮೇಲೆ ಹಾಗೇ ಕೆತ್ತಿದೆ. ಆ ಕಲ್ಲಿನ ಪಾಚಿಯನ್ನು ವರ್ಷಕ್ಕೊಮ್ಮೆ ಉಜ್ಜುವವಳು ಡಿಂಪ್ನಾಳೇ.

"ನಿಮ್ಮಜ್ಜಿ ಸತ್ತು ಎರಡು ವರ್ಷದ ಮೇಲೆ ಮದುವೆ ಆದ್ರು ಅಂತಾಯ್ತು."

"ಗಟ್ಟಿಗಿತ್ತಿ ಬಿಡಿ," ಅಂದ ಆರ್ಚಿ. "ಮಾಡಿದ್ರೂ ಮಾಡಿರ್ತಾಳೆ."

ಡಿಂಪ್ನಾ 1892ರಲ್ಲಿ ಹುಟ್ಟಿದ ಮಕ್ಕಳ ಜ್ಞಾನಸ್ನಾನದ ಪುಸ್ತಕ ಇಳಿಸಿದಳು. ವಿನಿಫ್ರೆಡ್‌ಳ ಹೆಸರಿನ ಪಕ್ಕ, ಅಂಚಿನಲ್ಲಿ, ಇರುವೆ ಸಾಲಿನಂಥ ಅಕ್ಷರ: ಪೇಸ್ಲಿಯಲ್ಲಿ ವಿವಾಹ, 1914, ಜೇಮ್ಸ್ ಲೋಗಿಯೊಡನೆ. ಹೊರಗಡೆ ಮದುವೆಯಾದವರ ಸುದ್ದಿಯನ್ನು ಅಲ್ಲಿನ ಪಾದ್ರಿ ಬರೆದು ತಿಳಿಸಬೇಕು, ಇಲ್ಲಿಯವನು ಹೀಗೆ ಗುರುತು ಹಾಕಬೇಕು. ಅಂದಮೇಲೆ ಇಲ್ಲಿಯ ಪಾದ್ರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ನವೆಂಬರಿನಲ್ಲಿ, ಸತ್ತವರ ಹಬ್ಬಕ್ಕೆ, ಆ ಕಲ್ಲಿಗೆ ಪವಿತ್ರ ಜಲ ಚಿಮುಕಿಸುತ್ತಿದ್ದ.

ಉಳಿದದ್ದನ್ನು ಆರ್ಚಿ ಹೇಳಿದ. 1912ರಲ್ಲಿ ಅಜ್ಜಿಯನ್ನು ಏಳು ಹಸು, ಒಂಬತ್ತು ಹಲ್ಲಿನ ಒಬ್ಬ ವಿಧುರನಿಗೆ ಗೊತ್ತು ಮಾಡಿದ್ದರಂತೆ. ಮದುವೆಯ ದಿನ ಬೆಳಿಗ್ಗೆ ನೀರಿಗೆಂದು ಹೋದವಳು ಹಾಗೇ ಹೋದಳು. "ಬಕೆಟ್ ತುಂಬಿಸಿಟ್ಟೇ ಹೋಗಿದ್ದೆ ಅಂತ ಸಾಯೋವರೆಗೂ ಹೇಳ್ತಿದ್ಲು."

ಸಂಜೆ ಡಿಂಪ್ನಾ ಅಣ್ಣ ಫಿಂಟನ್‌ನ ಮನೆಗೆ ಹೋಗಿ ಸುದ್ದಿ ಹೇಳಿದಳು. ಎಪ್ಪತ್ತೆರಡರ ಬ್ರಹ್ಮಚಾರಿ ಅವನು. ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಕಲ್ಲಲ್ಲಿ ಯಾರಾದ್ರೂ ಸುಳ್ಳು ಕೆತ್ತಿಸ್ತಾರೇನೇ?"

"ಕಲ್ಲಿಗೇನು ಗೊತ್ತು ಮಾರಾಯ? ಹೇಳಿದ್ದನ್ನ ಕೆತ್ತಿಸ್ಕೊಳ್ಳುತ್ತೆ."

"ಜಮೀನು ಕೇಳೋಕೆ ಬಂದಿದ್ದಾನೆ ನೋಡು ಅವನು."

"ನಿನ್ನ ಜೌಗು ಹೊಲಾನ? ಅಲ್ಲಿ ನಿಂತ್ರೆ ಅವನೇ ಹೂತುಹೋಗ್ತಾನೆ."

ಮರುದಿನ ಸ್ಮಶಾನದಲ್ಲಿ ಆರ್ಚಿ ತನ್ನ ಅಜ್ಜಿಯ ಹೆಸರಿನ ಮುಂದೆ ಟೋಪಿ ತೆಗೆದು ನಿಂತಿದ್ದಾಗ ಫಿಂಟನ್ ಟ್ರ್ಯಾಕ್ಟರಿನಲ್ಲಿ ಬಂದ. ಇಳಿಯಲಿಲ್ಲ. ಎಂಜಿನ್ ಆರಿಸಲೂ ಇಲ್ಲ. "ನಮ್ಮಣ್ಣ, ಫಿಂಟನ್," ಅಂದಳು ಜೊತೆಗಿದ್ದ ಡಿಂಪ್ನಾ.

"ನಿಮ್ಮ ಹೆಸರು ಫಿಂಟನ್ನಾ?" ಆರ್ಚಿ ಕೂಗಿ ಕೇಳಿದ. "ಅಜ್ಜಿಯ ಅಣ್ಣನ ಹೆಸರೂ ಅದೇ. ಆವತ್ತು ಬಾವಿ ಹತ್ರ ಅವನು ನೋಡಿಬಿಟ್ನಂತೆ. ಇವಳು ಬರಿಗಾಲಲ್ಲಿದ್ಲು. ಏನೂ ಮಾತಾಡದೆ ತನ್ನ ಬೂಟು ಬಿಚ್ಚಿ ಕೊಟ್ನಂತೆ. ಅದಕ್ಕೆ ಹುಲ್ಲು ತುರುಕಿಕೊಂಡು ಸ್ಲೈಗೋ ಬಂದರಿನವರೆಗೂ ನಡೆದ್ಲು."

ಫಿಂಟನ್ ಎಂಜಿನ್ ಆರಿಸಿದ. ಕೆಳಗಿಳಿದ.

"ಡಿಂಪ್ನಾ," ಅಂದ, "ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ, ನನಗೆ ಹೆಸರು ಕೊಟ್ಟ ಅಜ್ಜ ಸತ್ತವರ ಹೆಸರೆಲ್ಲ ಹೇಳ್ತಿದ್ದ, ನೆನಪಿದೆಯಾ? ವಿನಿಫ್ರೆಡ್ ಹೆಸರು ಯಾವತ್ತೂ ಹೇಳ್ತಿರಲಿಲ್ಲ. ನಮ್ಮಜ್ಜಿ ತಿವಿದ್ರೆ ಕೆಮ್ಮುತ್ತಿದ್ದ. ಆಮೇಲೆ 'ಸಮುದ್ರದಾಚೆ ಇರೋರಿಗೆ' ಅಂತ ಒಂದು ಪ್ರಾರ್ಥನೆ ಸೇರಿಸ್ತಿದ್ದ. ಸಮುದ್ರದಾಚೆ ನಮ್ಮೋರು ಯಾರಿದ್ರು?"

ಡಿಂಪ್ನಾಳಿಗೆ ನೆನಪಿತ್ತು. ಬರಹದಲ್ಲಿರುವುದನ್ನೆಲ್ಲ ಓದಬಲ್ಲೆ ಎಂದುಕೊಂಡಿದ್ದವಳು, ಹತ್ತು ವರ್ಷ ದಿನವೂ ಕಿವಿಯಾರೆ ಕೇಳಿದ್ದನ್ನು ಓದಿಕೊಂಡಿರಲಿಲ್ಲ. ಕರವಸ್ತ್ರಕ್ಕಾಗಿ ತಡಕಾಡಿದಳು, ಸಿಕ್ಕಿದ್ದು ಪಾಚಿ ಉಜ್ಜುವ ಬಟ್ಟೆ. ಅದರಲ್ಲೇ ಕಣ್ಣೊರೆಸಿಕೊಂಡಳು.

ಕಲ್ಲು ಕೆತ್ತುವವನು ಬಂದು ನೋಡಿ, ಹಳೆಯದನ್ನು ಅಳಿಸಿದರೆ ಕಲ್ಲೇ ಸೀಳುತ್ತದೆ, ಬೇಕಾದರೆ ಕೆಳಗೆ ಸೇರಿಸುತ್ತೇನೆ ಎಂದ. ಈಗ ಅಲ್ಲಿ ವಿನಿಫ್ರೆಡ್ 1912ರಲ್ಲಿ ಒಮ್ಮೆ, 1961ರಲ್ಲಿ ಪೇಸ್ಲಿಯಲ್ಲಿ ಇನ್ನೊಮ್ಮೆ ಸತ್ತಿದ್ದಾಳೆ. ಊರಿನವರು ಯಾರೂ ಏನೂ ಕೇಳಲಿಲ್ಲ. ಎಲ್ಲರಿಗೂ ಆಗಲೇ ಗೊತ್ತಿತ್ತು.

ಅಕ್ಟೋಬರಿನಲ್ಲಿ ಫಿಂಟನ್ ಜೀವಮಾನದಲ್ಲಿ ಮೊದಲ ಸಲ ಹಡಗು ಹತ್ತಿದ. ಆರ್ಚಿಯ ಮನೆಯಲ್ಲಿ ಮೂರು ದಿನ ಎಂದು ಹೋದವನು ಹನ್ನೆರಡು ದಿನ ಇದ್ದ. ವಾಪಸು ಬಂದಾಗ ಡಿಂಪ್ನಾ ಕೇಳಿದಳು: "ಹೇಗಿದ್ದಾರೆ?"

"ಟೀ ನೀರು ನೀರು," ಅಂದ ಫಿಂಟನ್. "ಜನ ಪರವಾಗಿಲ್ಲ."