ಹಲ್ಲು ಮಾಡೋ ಚಿಕ್ಕಮ್ಮ, ಸಾಕ್ಷಿ ಹೇಳೋ ಚಿಕ್ಕಪ್ಪ

ನಮ್ಮ ಚಿಕ್ಕಮ್ಮ ಹಲ್ಲು ಮಾಡ್ತಾಳೆ. ಛೆ, ಇನ್ನೂ ಮಾಡ್ತಾಳೆ ಅಂತಾನೇ ಬಾಯಿಗೆ ಬರುತ್ತೆ. ಮಾಡ್ತಿದ್ಲು. ಡಾಕ್ಟರ್ ಅಲ್ಲ ಅವಳು, ಯಾರ ಬಾಯಿಗೂ ಕೈ ಹಾಕ್ತಿರಲಿಲ್ಲ. ಡಾಕ್ಟರುಗಳು ಹಲ್ಲಿಲ್ಲದ ಬಾಯಿಯ ಅಚ್ಚು ತೆಗೆದು ಡಬ್ಬಿಯಲ್ಲಿ ಕಳಿಸಿದ್ರೆ, ಇವಳು ಲ್ಯಾಬಲ್ಲಿ ಕೂತು ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಪೂರ್ತಿ ಸೆಟ್ಟು ಮಾಡಿ ವಾಪಸ್ ಕಳಿಸ್ತಿದ್ಲು. ಅದೆಂಥ ಕೈ ಅಂತೀರಾ! ಎಲ್ಲ ಹಲ್ಲನ್ನೂ ನೆಟ್ಟಗೆ ಸಾಲಾಗಿ ನಿಲ್ಲಿಸ್ತಿರಲಿಲ್ಲ, ಮುಂದಿನದೊಂದನ್ನ ಕೂದಲೆಳೆಯಷ್ಟು ಓರೆ ಮಾಡ್ತಿದ್ಲು. ಯಾಕೆ ಚಿಕ್ಕಮ್ಮ ಅಂದ್ರೆ, "ನೆಟ್ಟಗಿದ್ರೆ ಅಂಗಡಿ ಹಲ್ಲು ಅಂತ ಗೊತ್ತಾಗಿಬಿಡುತ್ತೆ ಕಣೇ. ದೇವರೇನು ಸ್ಕೇಲ್ ಇಟ್ಟು ಹಲ್ಲು ಕೊಡ್ತಾನಾ?" ಅನ್ನೋಳು.

ನಾನು ಕಾಲೇಜಿಗೆ ಹತ್ರ ಅಂತ ಅವರ ಮನೇಲೇ ಇದ್ದೆ. ಮನೇಲಿ ಚಿಕ್ಕಮ್ಮ, ಚಿಕ್ಕಪ್ಪ, ಒಂಬತ್ತು ವರ್ಷದ ಪುಟ್ಟಿ. ಒಂದೇ ಸಮ ಮಾತಾಡ್ತೀನಿ ಅಂತ ಚಿಕ್ಕಪ್ಪ ನಂಗೆ ಮೈಕು ಅಂತ ಹೆಸರಿಟ್ಟಿದ್ರು. ಅವರೇನು ಕಮ್ಮಿ? ಸ್ಕೂಲಲ್ಲಿ ಲೆಕ್ಕದ ಮೇಷ್ಟ್ರು, ಆದ್ರೆ ಚರ್ಚಲ್ಲಿ ಎದ್ದು ನಿಂತ್ರೆ ಅಳೋ ಮಗು ಕೂಡ ಬಾಯಿ ಮುಚ್ಕೊಂಡು ಕೇಳ್ಬೇಕು, ಅಂಥ ಮಾತು.

ಮಿಷನರಿಯಾಗಿ ಹೋಗ್ಬೇಕು ಅನ್ನೋ ಆಸೆ ಚಿಕ್ಕಪ್ಪಂದು ಅಂತ ಎಲ್ಲರೂ ಅಂದ್ಕೊಂಡಿದ್ರು. ಅಲ್ಲ. ಅದು ಚಿಕ್ಕಮ್ಮಂದು. ಮಿಷನ್‌ನವರ ಪತ್ರಿಕೇಲಿ ಒಂದು ಫೋಟೋ ಬಂದಿತ್ತು. ಸಮುದ್ರದಾಚೆ ಯಾವುದೋ ದ್ವೀಪ, ಅಲ್ಲಿ ಮಿಷನ್‌ನ ಸಣ್ಣ ಆಸ್ಪತ್ರೆ, ಅದರ ಮುಂದೆ ನಿಂತಿರೋ ಹೆಂಗಸರೆಲ್ಲ ಕೈಯಿಂದ ಬಾಯಿ ಮುಚ್ಕೊಂಡು ನಗ್ತಿದ್ದಾರೆ. ಹಲ್ಲು ಹೋದ್ರೆ ಹೋಯ್ತು, ಮಾಡಿಕೊಡೋರು ಆ ಕಡೆ ಯಾರೂ ಇಲ್ಲ ಅಂತ ಕೆಳಗೆ ಬರೆದಿತ್ತು. ಚಿಕ್ಕಮ್ಮ ಅದನ್ನ ಮೂರು ದಿನ ಬ್ಯಾಗಲ್ಲಿ ಇಟ್ಕೊಂಡು ತಿರುಗಾಡಿ, ನಾಲ್ಕನೇ ದಿನ ಊಟಕ್ಕೆ ಕೂತಾಗ, "ರೀ, ನಂಗೆ ಇಲ್ಲಿಗೆ ಹೋಗ್ಬೇಕು" ಅಂದ್ಲಂತೆ. ಚಿಕ್ಕಪ್ಪ ತುತ್ತು ಕೆಳಗಿಟ್ಟು ಅತ್ರಂತೆ, ಅವರು ಹತ್ತು ವರ್ಷದಿಂದ ಅದಕ್ಕೇ ಪ್ರಾರ್ಥನೆ ಮಾಡ್ತಿದ್ರಂತೆ.

ಮಿಷನ್‌ನವರು ಒಪ್ಪಿದ್ರು. ಆದ್ರೆ ಪದ್ಧತಿ ಏನಂದ್ರೆ, ಹೋಗೋ ಕುಟುಂಬಾನೇ ಊರೂರಿಗೆ ಚರ್ಚಿಂದ ಚರ್ಚಿಗೆ ಹೋಗಿ ತಮ್ಮ ಕಥೆ ಹೇಳ್ಬೇಕು. ಕೇಳಿದವರು ಇಷ್ಟ ಆದ್ರೆ ಒಂದು ಚೀಟಿಯಲ್ಲಿ ಹೆಸರು ಬರೆದು, ತಿಂಗಳಿಗಿಷ್ಟು ಕೊಡ್ತೀವಿ, ದಿನಾ ಪ್ರಾರ್ಥನೆ ಮಾಡ್ತೀವಿ ಅಂತ ಮಾತು ಕೊಡ್ಬೇಕು. ಸಾಕಾಗುವಷ್ಟು ಚೀಟಿ ಬಂದ್ರೇ ಟಿಕೆಟ್ಟು. ಹಾಗಾಗಿ ಒಂದೂವರೆ ವರ್ಷ, ತಿಂಗಳಿಗೆ ಒಂದೆರಡು ಭಾನುವಾರ, ಒಂದೊಂದು ಚರ್ಚು! ಪ್ರೊಜೆಕ್ಟರ್ ನಂದು, ಹಾಡು ಪುಟ್ಟೀದು, ಮಾತು ಚಿಕ್ಕಪ್ಪಂದು. ಚಿಕ್ಕಮ್ಮ ಕೊನೇಲಿ ಎದ್ದು ನಿಂತು ವಂದನೆ ಹೇಳಿ ಕೂತ್ಕೊಳ್ಳೋದು, ಅಷ್ಟೇ. ಮನೇಲಿ ಬಾಗಿಲು, ಕುರ್ಚಿ, ಚೊಂಬು ಎಲ್ಲದಕ್ಕೂ ಆ ದ್ವೀಪದ ಭಾಷೆಯ ಹೆಸರು ಬರೆದು ಅಂಟಿಸಿದ್ವಿ. ಚಿಕ್ಕಮ್ಮ ಮೊದಲು ಕಲಿತಿದ್ದು ಮೂರೇ ಮಾತು: ಬಾಯಿ ತೆಗೀರಿ, ಕಚ್ಚಿ, ನೋವಾಗುತ್ತಾ. "ಸಾಕು ಬಿಡು, ಇಷ್ಟರಲ್ಲೇ ಒಂದು ಸಂಸಾರ ಮಾಡಬಹುದು" ಅಂತ ಚಿಕ್ಕಪ್ಪ ರೇಗಿಸೋರು.

ಚಿಕ್ಕಪ್ಪ ಎಲ್ಲ ಕಡೆ ಹೇಳ್ತಿದ್ದ ಸಾಕ್ಷಿ ಏನು ಅಂತ ಹೇಳಲೇ ಇಲ್ಲ ನೋಡಿ. ಚರ್ಚಲ್ಲಿ ಸಾಕ್ಷಿ ಅಂದ್ರೆ ದೇವರು ನಮ್ಮ ಬದುಕಲ್ಲಿ ಏನು ಮಾಡಿದ ಅಂತ ಎಲ್ಲರೆದುರು ಹೇಳೋದು. ಚಿಕ್ಕಮ್ಮನಿಗೆ ಮದುವೆಗೆ ಮುಂಚಿನಿಂದ ಫಿಟ್ಸ್ ಬರ್ತಿತ್ತು, ದಿನಾ ಮಾತ್ರೆ. ಒಂದು ಉಪವಾಸ ಪ್ರಾರ್ಥನೆ ಆದ್ಮೇಲೆ, ಇನ್ನು ಬೇಡ, ವಾಸಿಯಾಯ್ತು ಅಂತ ಅನ್ನಿಸಿ ಇಬ್ಬರೂ ಸೇರಿ ಮಾತ್ರೆ ಡಬ್ಬಿ ಎಸೆದುಬಿಟ್ರು. ಎರಡು ವರ್ಷ ಒಂದೇ ಒಂದು ಸಲ ಬರಲಿಲ್ಲ. ಚಿಕ್ಕಪ್ಪ ಇದನ್ನ ಹೇಳೋವಾಗ ಅವರ ದನಿ ಸಣ್ಣ ಆಗುತ್ತೆ, "ನನ್ನ ಹೆಂಡತಿ ಆ ಡಬ್ಬೀನ ಕಸದ ಬುಟ್ಟಿಗೆ ಹಾಕಿದ ಸದ್ದು ನನ್ನ ಕಿವೀಲಿ ಇನ್ನೂ ಇದೆ" ಅಂತಾರೆ, ಅಲ್ಲಿಗೆ ಹೆಂಗಸರೆಲ್ಲ ಸೆರಗಲ್ಲಿ ಕಣ್ಣು ಒರೆಸ್ಕೊಳ್ತಾರೆ, ಚೀಟಿ ಬರುತ್ತೆ. ಸಭೆಯವರಿಗೆ ಹಂಚೋಕೆ ಮಾಡಿಸಿದ್ದ ಫೋಟೋ ಕಾರ್ಡಿನ ಹಿಂದೇನೂ ಅದನ್ನೇ ಅಚ್ಚು ಹಾಕಿಸಿದ್ವಿ.

ಮಿಷನ್ ಆಫೀಸಿನ ಲೇಡಿ ಡಾಕ್ಟರು ಮಾತ್ರ ಕಣ್ಣು ಒರೆಸ್ಕೊಳ್ಳಲಿಲ್ಲ. ಮೆಡಿಕಲ್ ಟೆಸ್ಟಿಗೆ ಹೋದಾಗ, "ಮಾತ್ರೆ ನಿಲ್ಲಿಸೋಕೆ ಯಾರು ಹೇಳಿದ್ದು?" ಅಂದ್ರು.

"ದೇವರು" ಅಂದ್ರು ಚಿಕ್ಕಪ್ಪ.

"ನಂಗೂ ಒಂದು ಮಾತು ಹೇಳಿದ್ದಿದ್ರೆ ಚೆನ್ನಾಗಿತ್ತು. ಅಲ್ರೀ, ಮಾತ್ರೆ ತಗೊಂಡೇ ಕೆಲಸ ಮಾಡೋರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ತಗೊಳ್ತಾ ಇದ್ದಿದ್ರೂ ಕಳಿಸ್ತಿದ್ವಿ." ಆಮೇಲೆ ಚಿಕ್ಕಮ್ಮನ ಕಡೆ ತಿರುಗಿ, "ನೋಡಮ್ಮ, ಮತ್ತೆ ಬಂದ್ರೆ ಅವತ್ತೇ ನಂಗೆ ಹೇಳು. ಮಾತ್ರೆ ಶುರು ಮಾಡೋಣ, ಒಂದು ವರ್ಷ ನೋಡೋಣ. ಪ್ರಯಾಣ ಒಂದು ವರ್ಷ ತಡ ಆಗುತ್ತೆ. ಅಷ್ಟೇ" ಅಂದ್ರು.

ಅಷ್ಟೇ. ಆ ಅಷ್ಟೇ ಅನ್ನೋದನ್ನ ನಂಗೆ ಈಗ್ಲೂ ಮರೆಯೋಕಾಗಲ್ಲ.

ಯಾಕಂದ್ರೆ ಬಂತು. ಹೊರಡೋಕೆ ಏಳು ವಾರ ಇತ್ತು. ಶನಿವಾರ ಮಧ್ಯಾಹ್ನ ನಾನು ಲ್ಯಾಬಿಗೆ ಊಟ ತಗೊಂಡು ಹೋದೆ. ಚಿಕ್ಕಮ್ಮ ಬೆಂಚಿನ ಮುಂದೆ ಕೂತಿದ್ಲು, ಒಂದು ಕೈಲಿ ಮೇಣ ಕೆತ್ತೋ ಚಾಕು, ಎದುರಿಗೆ ಬರ್ನರ್ ಉರೀತಿದೆ. ನಾನು ಕಾಲೇಜಿನ ಏನೋ ಜಗಳ ಹೇಳ್ತಾ ಹೇಳ್ತಾ ಇದ್ದೀನಿ, ಇವಳು ಹ್ಞೂಂ ಅಂತಿಲ್ಲ. ನೋಡಿದ್ರೆ ಕಣ್ಣು ಗೋಡೆ ಮೇಲೆ, ತುಟಿ ಏನೋ ಅಗಿಯೋ ಹಾಗೆ ಆಡ್ತಿದೆ, ಚಾಕುವಿನ ತುದಿಯ ಮೇಣ ಕರಗಿ ತೊಟ್ಟು ತೊಟ್ಟಾಗಿ ಬೆರಳ ಮೇಲೆ ಬೀಳ್ತಿದೆ, ಇವಳಿಗೆ ಗೊತ್ತೇ ಇಲ್ಲ. ಹತ್ತು ಸೆಕೆಂಡೋ ಹದಿನೈದೋ. ಆಮೇಲೆ ನನ್ನ ಕಡೆ ತಿರುಗಿ, "ಏನೇ, ಆವಾಗಲೇ ಬಂದ್ಯಾ?" ಅಂದ್ಲು.

ನಾನು ಬೆರಳು ತೋರಿಸ್ದೆ. ಅವಳು ಮೇಣ ಕಿತ್ತು, ಕೆಂಪಗಾದ ಜಾಗಾನ ಸುಮ್ನೆ ನೋಡಿದ್ಲು. ಆ ಬೆರಳಲ್ಲಿ ಹಳೇ ಕಲೆ ಇನ್ನೂ ಎರಡಿತ್ತು.

"ಎಷ್ಟು ದಿನದಿಂದ ಚಿಕ್ಕಮ್ಮ?"

"ಒಂದು ತಿಂಗಳು. ದೊಡ್ಡದು ಬಂದಿಲ್ಲ ಕಣೇ, ಬರೀ ಇಷ್ಟೇ."

"ಡಾಕ್ಟರಿಗೆ ಹೇಳು!"

"ಮೈಕು ಸ್ವಲ್ಪ ಆಫ್ ಮಾಡು. ನಿನ್ನ ಚಿಕ್ಕಪ್ಪನಿಗೆ ಮೊದಲು ಹೇಳ್ತೀನಿ."

ಅವತ್ತು ಸಂಜೇನೇ ಹೇಳಿದ್ಲು. ಅಡುಗೆಮನೇಲಿ, ಬಾಗಿಲು ಮುಂದೆ ಮಾಡಿ. ಕೇಳಬಾರದಿತ್ತು, ಕೇಳಿಸ್ಕೊಂಡೆ. ಚಿಕ್ಕಪ್ಪ ಬೈತಾರೆ ಅಂದ್ಕೊಂಡಿದ್ದೆ, ಬೈಲಿಲ್ಲ, ಅದೇ ಕಷ್ಟ. ಅತ್ರು.

"ಇಪ್ಪತ್ತಾರು ಸಭೆ ಮುಂದೆ ನಿಂತು ಹೇಳಿದ್ದೀನಿ ಕಣೇ. ನನ್ನನ್ನ ಸುಳ್ಳ ಅಂದ್ರೆ ಅನ್ನಲಿ, ಅವರ ನಂಬಿಕೆ ಏನಾಗ್ಬೇಕು? ಮನೆ ಮನೇಲಿ ನಿನ್ನ ಫೋಟೋ ಇಟ್ಕೊಂಡು ಸ್ತೋತ್ರ ಮಾಡ್ತಿದ್ದಾರೆ."

"ಒಂದು ವರ್ಷ ತಡ ಆದ್ರೆ ಆಗ್ಲಿ ಬಿಡಿ."

"ತಡ ಯಾಕೆ ಅಂತ ಕೇಳ್ತಾರಲ್ಲ, ಏನು ಹೇಳ್ಲಿ? ಏಳೇ ವಾರ. ಅಲ್ಲಿಗೆ ಹೋದ ಮಾರನೇ ದಿನಾನೇ ಮಾತ್ರೆ ಶುರು ಮಾಡು, ನಾನೇ ತಂದು ಕೊಡ್ತೀನಿ. ಅಲ್ಲೀವರೆಗೂ ನಾನು ರಾತ್ರಿ ಊಟ ಬಿಟ್ಟು ಪ್ರಾರ್ಥನೆ ಮಾಡ್ತೀನಿ."

ಚಿಕ್ಕಮ್ಮ ಹ್ಞೂಂ ಅಂದ್ಲು. ಚಿಕ್ಕಪ್ಪ ನಿಜವಾಗ್ಲೂ ರಾತ್ರಿ ಊಟ ಬಿಟ್ರು, ಎರಡೇ ವಾರದಲ್ಲಿ ಷರ್ಟು ದೊಗಳೆ ಆಯ್ತು. ಆಮೇಲೊಂದು ದಿನ ಯಾಕೆ ಒಪ್ಕೊಂಡೆ ಅಂತ ಕೇಳಿದ್ದಕ್ಕೆ ಚಿಕ್ಕಮ್ಮ, "ಎಲ್ಲ ಅವರ ತಲೆಗೆ ಕಟ್ಬೇಡ. ನಂಗೂ ಹೋಗ್ಬೇಕಿತ್ತು. ತಡ ಅಂದ್ರೆ ಬೇರೆ ಯಾರನ್ನೋ ಕಳಿಸಿಬಿಟ್ರೆ ಅಂತ ಭಯ" ಅಂದ್ಲು.

ಆಮೇಲಿನ ಭಾನುವಾರ ಇಪ್ಪತ್ತೇಳನೇ ಚರ್ಚು. ಕಾರ್ಯಕ್ರಮ ಆದ್ಮೇಲೆ ಟೀ ಕೊಡೋ ಜಾಗದಲ್ಲಿ ಒಬ್ಬ ಹೆಂಗಸು ಚಿಕ್ಕಮ್ಮನ ಕೈ ಹಿಡ್ಕೊಂಡ್ಲು. ಆಸ್ಪತ್ರೆ ಬಟ್ಟೆ ಒಗೆಯೋ ಕೆಲಸದವಳಂತೆ, ಉಗುರೆಲ್ಲ ಸೋಪಿಗೆ ಸವೆದು ಬೆಳ್ಳಗಾಗಿತ್ತು.

"ಅಕ್ಕಾ, ನನ್ನ ಮಗಳಿಗೂ ಇದೇ ಕಾಯಿಲೆ. ಇವತ್ತೇ ಎಸೆದುಬಿಡ್ತೀನಕ್ಕಾ ಮಾತ್ರೇನ. ನಂಗೂ ನಿಮ್ಮಷ್ಟು ನಂಬಿಕೆ ಬಂತು."

ಚಿಕ್ಕಮ್ಮ ತಕ್ಷಣ ಅಂದ್ಲು: "ಬೇಡಮ್ಮ. ಎಸೀಬೇಡ. ಡಾಕ್ಟರನ್ನ ಕೇಳದೆ ಒಂದು ದಿನಾನೂ ತಪ್ಪಿಸ್ಬೇಡ."

"ಮತ್ತೆ ನೀವು?"

ಚಿಕ್ಕಮ್ಮ ಟೀ ಲೋಟ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ್ಲು. ಅಷ್ಟರಲ್ಲಿ ಚಿಕ್ಕಪ್ಪ ಬಸ್ಸು ಬಂತು ಅಂತ ಕರೆದ್ರು.

ಹೊರಡೋಕೆ ಮೂರು ವಾರ ಇದ್ದಾಗ, ಮಂಗಳವಾರ. ಹಲ್ಲಿನ ಸೆಟ್ಟು ಮಾಡೋವಾಗ ಅಚ್ಚನ್ನ ಹಿತ್ತಾಳೆ ಪೆಟ್ಟಿಗೇಲಿ ಮುಚ್ಚಿ ಕುದಿಯೋ ನೀರಿನ ತೊಟ್ಟಿಗೆ ಇಳಿಸ್ತಾರೆ, ಒಳಗಿನ ಮೇಣ ಕರಗಲಿ ಅಂತ. ಇಕ್ಕಳದಲ್ಲಿ ಹಿಡಿದು ಇಳಿಸ್ಬೇಕು. ಚಿಕ್ಕಮ್ಮ ಅದನ್ನ ಇಳಿಸ್ತಾ ಇದ್ದಾಗಲೇ ಆ ಹಾಳು ಹತ್ತು ಸೆಕೆಂಡು ಬಂತು. ಇಕ್ಕಳ ಜಾರಿತು, ಬಲಗೈ ನೀರೊಳಗೆ ಹೋಯ್ತು, ಅಲ್ಲೇ ನಿಂತಿತು. ಪಕ್ಕದ ಬೆಂಚಿನವರು ಓಡಿ ಬಂದು ಎಳೆಯೋವರೆಗೂ ಅವಳು ಅದನ್ನ ತೆಗೀಲಿಲ್ಲ. ತೆಗೆಯೋಕೆ ಅವಳು ಅಲ್ಲಿರಲಿಲ್ಲ.

ಒಂದು ತಿಂಗಳು ಆಸ್ಪತ್ರೆ. ತೊಡೆಯ ಚರ್ಮ ತೆಗೆದು ಕೈಗೆ ಹಾಕಿದ್ರು. ಬ್ಯಾಂಡೇಜು ಬಿಚ್ಚಿದಾಗ ಹೆಬ್ಬೆರಳು, ತೋರುಬೆರಳು ಎರಡೂ ಮಡಚಲ್ಲ. ಪುಟ್ಟಿ ಆ ಕೈ ನೋಡಿ ಮಂಚದ ಕೆಳಗೆ ಹೋಗಿ ಕೂತ್ಬಿಟ್ಲು, ಬಿಸ್ಕತ್ತಿನ ಆಸೆ ತೋರಿಸಿ ಕರೆದ್ರೂ ಬರಲಿಲ್ಲ. ಚರ್ಚಿನವರು ಬಂದು ಬಂದು ನೋಡಿದ್ರು, ಪ್ರಾರ್ಥನೆ ಮಾಡಿದ್ರು. ಎಲ್ಲರಿಗೂ ಚಿಕ್ಕಪ್ಪ, "ಕೈ ಜಾರಿತು, ಆಕ್ಸಿಡೆಂಟು" ಅಂದ್ರು. ಚಿಕ್ಕಮ್ಮ ಗೋಡೆ ಕಡೆ ತಿರುಗಿ ಮಲಗಿರ್ತಿದ್ಲು. ಆಸ್ಪತ್ರೆಯವರು ಮಾತ್ರೆ ಶುರು ಮಾಡಿದ್ರು. ಅದನ್ನ ಚಿಕ್ಕಪ್ಪ ದಿಂಬಿನ ಕೆಳಗೆ ಇಡ್ತಿದ್ರು, ಬಂದವರಿಗೆ ಕಾಣದ ಹಾಗೆ.

ಮಿಷನ್‌ನಿಂದ ಪತ್ರ ಬಂತು. ಆಸ್ಪತ್ರೆಗೆ ಹಲ್ಲು ಮಾಡೋ ಬೇರೆಯವರನ್ನ ಹುಡುಕ್ತೀವಿ, ಆದ್ರೆ ದ್ವೀಪದ ಸ್ಕೂಲಿಗೆ ಲೆಕ್ಕದ ಮೇಷ್ಟ್ರು ಬೇಕಾಗಿದ್ದಾರೆ, ಚಿಕ್ಕಪ್ಪ ಒಬ್ಬರೇ ಎರಡು ವರ್ಷಕ್ಕೆ ಬರಬಹುದು ಅಂತ. ಚಿಕ್ಕಪ್ಪ ಅದನ್ನ ಒಂದು ವಾರ ಜೇಬಲ್ಲಿಟ್ಕೊಂಡು ಓಡಾಡಿ ಆಮೇಲೆ ತೋರಿಸಿದ್ರು.

"ಹೋಗಿ ಬನ್ನಿ" ಅಂದ್ಲು ಚಿಕ್ಕಮ್ಮ. ಅಷ್ಟು ಬೇಗ ಅಂದ್ಲು, ನಂಗೇ ಸಿಟ್ಟು ಬಂತು.

ಬೀಳ್ಕೊಡುಗೆ ನಮ್ಮ ಸ್ವಂತ ಚರ್ಚಲ್ಲೇ ಇಟ್ಟಿದ್ರು. ಹೊರಗಿನ ಸಭೆಯವರೂ ಬಂದಿದ್ರು, ಕುರ್ಚಿ ಸಾಲದೆ ಬಾಗಿಲಾಚೆಗೂ ಜನ. ಚಿಕ್ಕಪ್ಪ ಮಾತಾಡಿದ್ರು. ಕೈಯ ಕಥೇನೂ ಸೇರಿಸಿಬಿಟ್ರು: ವಾಸಿಯಾದ ಹೆಂಡತಿ, ಈಗ ಒಂದು ಅಪಘಾತ, ಆದ್ರೂ ಧೈರ್ಯಗುಂದದೆ ಗಂಡನ್ನ ಕಳಿಸಿಕೊಡ್ತಿದ್ದಾಳೆ. ಮಸಾಲೆ ಅರೆದ ಹಾಗೆ ಎಲ್ಲ ಬೆರೆತುಹೋಗಿತ್ತು, ಯಾವುದು ನಿಜ ಯಾವುದು ಅಲ್ಲ ಅಂತ ಬಿಡಿಸೋಕಾಗಲ್ಲ. ನಾನು ಪ್ರೊಜೆಕ್ಟರ್ ಹತ್ರ ನಿಂತು ಅತ್ತುಬಿಟ್ಟೆ, ಎಂಥ ಮೂರ್ಖಿ ನಾನು. ಕೊನೇಲಿ ಪಾಸ್ಟರು, "ತಂಗೀ, ನೀವೂ ಎರಡು ಮಾತು" ಅಂದ್ರು.

ವಂದನೆ ಹೇಳಿ ಕೂತ್ಕೊಳ್ತಾಳೆ ಅಂದ್ಕೊಂಡ್ವಿ. ಅವಳು ಮುಂದೆ ಹೋಗಿ ನಿಂತ್ಲು, ಬಲಗೈ ಸೆರಗಿನ ಒಳಗೆ.

"ನಂಗೆ ಫಿಟ್ಸ್ ವಾಸಿ ಆಗಿಲ್ಲ" ಅಂದ್ಲು. "ಎರಡು ವರ್ಷ ಬಂದಿರಲಿಲ್ಲ, ಅದು ನಿಜ. ಆಮೇಲೆ ಬಂತು. ಇವರಿಗೆ ಹೇಳಿದ್ದೆ. ಇಬ್ಬರೂ ಮುಚ್ಚಿಟ್ವಿ. ಕೈ ಜಾರಲಿಲ್ಲ, ಫಿಟ್ಸ್ ಬಂದೇ ಸುಟ್ಟಿದ್ದು. ಮಾತ್ರೆ ಬಿಟ್ಟಿದ್ದಕ್ಕೆ ಸುಟ್ಟಿದ್ದು. ನಮ್ಮ ಮಾತು ಕೇಳಿ ಯಾರಾದ್ರೂ ಮಾತ್ರೆ ನಿಲ್ಲಿಸಿದ್ರೆ, ದಯವಿಟ್ಟು ನಾಳೆ ಬೆಳಿಗ್ಗೆನೇ ಡಾಕ್ಟರ ಹತ್ರ ಹೋಗಿ."

ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರು ಹಾಡಿನ ಪುಸ್ತಕ ತೆಗೆದು ಮತ್ತೆ ಮುಚ್ಚಿದ್ರು. ಹಿಂದಿನ ಸಾಲಲ್ಲಿ ಒಬ್ಬರು ಎದ್ದು ಹೊರಗೆ ಹೋದ್ರು, ಅವರ ಹಿಂದೆ ಇನ್ನಿಬ್ಬರು. ಚಿಕ್ಕಪ್ಪ ಕುರ್ಚಿ ತುದೀಲಿ, ಮಂಡಿ ಮೇಲೆ ಕೈ ಇಟ್ಕೊಂಡು, ಕ್ಲಾಸಲ್ಲಿ ಉತ್ತರ ಗೊತ್ತಿಲ್ಲದ ಹುಡುಗನ ಹಾಗೆ ಕೂತಿದ್ರು.

ವಾಪಸ್ ಹೋಗೋ ಬಸ್ಸಲ್ಲಿ ಅವರಿಬ್ಬರ ಹಿಂದಿನ ಸೀಟಲ್ಲಿ ನಾನೂ ಪುಟ್ಟಿಯೂ. ಬಸ್ಸು ಹೊರಟ ಮೇಲೆ ಚಿಕ್ಕಪ್ಪ ಅಂದ್ರು:

"ಇನ್ನು ನನ್ನನ್ನ ಯಾರು ಕಳಿಸ್ತಾರೆ? ನೀನು ಸುಮ್ನಿದ್ದಿದ್ರೆ ನಾನಾದ್ರೂ ಹೋಗ್ತಿದ್ದೆ."

"ಹೋಗಿ ಅಲ್ಲೂ ಅದೇ ಸಾಕ್ಷಿ ಹೇಳ್ತಿದ್ರಿ" ಅಂದ್ಲು ಚಿಕ್ಕಮ್ಮ.

ಚಿಕ್ಕಪ್ಪ ಕಿಟಕಿ ಕಡೆ ತಿರುಗಿದ್ರು. ಕಂಡಕ್ಟರ್ ಬಂದ. ಚಿಕ್ಕಮ್ಮ ಅಭ್ಯಾಸಬಲದಿಂದ ಬಲಗೈಯನ್ನೇ ಪರ್ಸಿಗೆ ಹಾಕಿದ್ಲು, ಜಿಪ್ಪು ಹಿಡಿಯೋಕಾಗದೆ ಒದ್ದಾಡಿದ್ಲು. ಚಿಕ್ಕಪ್ಪ ಕಿಟಕಿಯಿಂದಾಚೆ ನೋಡ್ತಾನೇ ಇದ್ರು. ನಾನೇ ಹಿಂದಿನಿಂದ ಬಗ್ಗಿ, ನಾಲ್ಕು ಟಿಕೆಟ್ ತಗೊಂಡೆ.