ಶಾಲು ಹೊದಿಸಿ ಒಯ್ದ ರಾಜದೂತ

ನನಗೆ ಯಾರಾದರೂ ಶಾಲು ಹೊದಿಸಲು ಬಂದರೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮ ಸೊಲ್ಲಾಪುರದ ಕಡೆ ಶಾಲು, ತೆಂಗಿನಕಾಯಿ ಇಲ್ಲದೆ ಯಾವ ಕಾರ್ಯಕ್ರಮವೂ ಮುಗಿಯುವುದಿಲ್ಲ. ಬೋರ್‌ವೆಲ್ಲಿಗೆ ನೀರು ಬಂದರೂ ಒಬ್ಬರ ಹೆಗಲಿಗೆ ಶಾಲು ಹಾಕಿ, ಕೈಗೆ ಕಾಯಿ ಕೊಟ್ಟು, ಫೋಟೋ ತೆಗೆಸಬೇಕು. ಹೊದಿಸಿಕೊಂಡವನು ಕೈ ಮುಗಿದು ಸುಮ್ಮನೆ ನಿಲ್ಲಬೇಕು. ಆ ಸುಮ್ಮನೆ ನಿಲ್ಲುವ ರೂಢಿಯನ್ನು ನೆಚ್ಚಿಕೊಂಡು ಒಬ್ಬ ಮನುಷ್ಯ ನಮ್ಮಪ್ಪನ ಮೋಟಾರ್‌ಸೈಕಲ್ ಹೊಡೆದುಕೊಂಡು ಹೋದ. ಅದನ್ನು ನಾನು ಹೇಗೆ ವಾಪಸ್ ತಂದೆ ಎನ್ನುವುದನ್ನು ಹೇಳುತ್ತೇನೆ. ಕೇಳಿದವರು ನನ್ನನ್ನು ಕೆಟ್ಟವನೆಂದರೂ ಅಡ್ಡಿಯಿಲ್ಲ.

ಗಾಡಿ ಹಳೆಯ ರಾಜದೂತ. ನಾನು ಹುಟ್ಟುವ ಮೊದಲೇ ಅಪ್ಪ ಕುರಿ ಮಾರಿ ತಂದದ್ದು. ನಮ್ಮೂರು ಹೋಟಗಿ. ನಾನು ಅಲ್ಲೇ ಜಂಕ್ಷನ್‌ನಲ್ಲಿ ರೈಲ್ವೆ ನೌಕರಿ ಮಾಡುತ್ತೇನೆ. ಅಪ್ಪ ಮಾತ್ರ ಕುರಿ ಬಿಟ್ಟವನಲ್ಲ. ಕುಂಟುವ ಕುರಿಯನ್ನು ಟ್ಯಾಂಕಿನ ಮೇಲೆ ಅಡ್ಡ ಮಲಗಿಸಿಕೊಂಡು ಊರೂರು ತಿರುಗಿದ ಗಾಡಿ ಅದು. ಪ್ರತಿ ಅಮಾವಾಸ್ಯೆಗೆ ಬೀರೋಬನ ಗುಡಿಯಿಂದ ಭಂಡಾರದ ಅರಿಶಿನ ತಂದು ಹೆಡ್‌ಲೈಟಿಗೆ ಹಚ್ಚುತ್ತಿದ್ದ. ಲೈಟಿನ ಸುತ್ತಲ ಪಟ್ಟಿಯ ಸಂದಿಯಲ್ಲಿ ಆ ಹಳದಿ ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ.

ರಾಜದೂತಕ್ಕೆ ಬರಿ ಪೆಟ್ರೋಲ್ ಹಾಕುವಂತಿಲ್ಲ. ಅದರಲ್ಲಿ ಎಣ್ಣೆ ಬೆರೆಸಬೇಕು. ಒಳಗೆ ಓಡಾಡುವ ಪಿಸ್ಟನ್ನಿಗೆ ಸಿಗುವುದು ಆ ಎಣ್ಣೆಯೊಂದೇ. ಮರೆತರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡು ಗಾಡಿ ಓಡುತ್ತಿದ್ದಲ್ಲೇ ಜಾಮ್ ಆಗುತ್ತದೆ. ಅಪ್ಪ ಪಂಪಿನಲ್ಲಿ ಮೊದಲು ಎಣ್ಣೆ ಅಳೆದು ಹಾಕಿ, ಮೇಲೆ ಪೆಟ್ರೋಲ್ ಹಾಕಿಸಿ, ಹ್ಯಾಂಡಲ್ ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿದ್ದ. ಹಿಂದೆ ಎಷ್ಟು ಜನ ಹಾರ್ನ್ ಹೊಡೆದರೂ ಅವಸರವಿಲ್ಲ. "ಮಜ್ಜಿಗಿ ಕಡದಂಗ ಕಡೀಬೇಕು ತಮ್ಮಾ" ಅನ್ನುತ್ತಿದ್ದ.

ಸೊಲ್ಲಾಪುರದಲ್ಲಿ ಹಳೆಯ ಗಾಡಿಗಳವರದೊಂದು ಕ್ಲಬ್ ಇದೆ. ವರ್ಷಕ್ಕೊಮ್ಮೆ ಚಳಿಗಾಲದ ಒಂದು ಭಾನುವಾರ ಎಲ್ಲರೂ ಸಾಲಾಗಿ ಅಕ್ಕಲಕೋಟಕ್ಕೆ ಹೋಗುವುದು, ದಾರಿಯಲ್ಲಿ ಕುಂಭಾರಿಯಲ್ಲಿ ಚಹಾ, ಅಕ್ಕಲಕೋಟ ಮುಟ್ಟಿ ಗುಡಿಯಲ್ಲಿ ದರ್ಶನ, ಆಮೇಲೆ ಮಂಗಲ ಕಾರ್ಯಾಲಯದಲ್ಲಿ ಊಟ, ಭಾಷಣ, ಸತ್ಕಾರ. ಆಸೆಗೆ ಬಿದ್ದು ನಾನೂ ಸೇರಿದೆ. ಮೊದಲ ವರ್ಷ ರಾಜದೂತದ ಹಿಂದೆ ಅಪ್ಪನನ್ನು ಕೂರಿಸಿಕೊಂಡು ಹೋದೆ.

ಕ್ಲಬ್ಬಿನ ಅಧ್ಯಕ್ಷ ಅಕ್ಕಲಕೋಟದ ಕಡೆಯ ದೊಡ್ಡ ಜಮೀನುದಾರ. ಮನೆ ಮುಂದೆ ಬುಲೆಟ್ಟುಗಳ ಸಾಲು. ಬುಲೆಟ್ ಬಿಟ್ಟು ಉಳಿದದ್ದೆಲ್ಲ ಅವನ ಲೆಕ್ಕದಲ್ಲಿ ಆಟಿಕೆ. ಆದರೆ ಅವತ್ತು ಪುಣೆಯಿಂದ ಬಂದಿದ್ದ ಕೆಲವರು ಅವನ ಬುಲೆಟ್ಟುಗಳನ್ನು ಬಿಟ್ಟು ನಮ್ಮ ರಾಜದೂತದ ಸುತ್ತ ನೆರೆದರು. ಬಣ್ಣ ಕೂಡ ಬದಲಾಗಿಲ್ಲ, ಹೀಗೆ ಉಳಿದ ಗಾಡಿ ಸಿಗುವುದಿಲ್ಲ ಎಂದು ಮೊಣಕಾಲೂರಿ ಫೋಟೋ ತೆಗೆದರು. ಅಧ್ಯಕ್ಷನ ಕಣ್ಣು ಬಿದ್ದದ್ದು ಆಗಲೇ.

ಊಟಕ್ಕೆ ಮೊದಲು ಸತ್ಕಾರ. ಅಪ್ಪನನ್ನು ವೇದಿಕೆಗೆ ಕರೆದರು. ಇಷ್ಟು ವರ್ಷ ಗಾಡಿ ಜೋಪಾನ ಮಾಡಿದ್ದಕ್ಕೆ ಮರ್ಯಾದೆ ಎಂದುಕೊಂಡು ಅಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಹತ್ತಿದ. ಅಧ್ಯಕ್ಷ ಶಾಲು ಹೊದಿಸಿದ, ಕಾಯಿ ಕೊಟ್ಟ. ಅಪ್ಪ ಕೈ ಮುಗಿದ. ಆಗ ಇವನು ಮೈಕಿನಲ್ಲಿ, "ಈ ಹಿರ್ಯಾರು ತಮ್ಮ ರಾಜದೂತ ನಮ್ಮ ಕ್ಲಬ್ಬಿಗಿ ಅರ್ಪಣ ಮಾಡ್ಯಾರ. ಇನ್ಮ್ಯಾಗ ಅದರ ಜತನ ನಮ್ಮ ಜವಾಬ್ದಾರಿ" ಅಂದ.

ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಅಪ್ಪ ಕಾಯಿ ಹಿಡಿದುಕೊಂಡು ಜನರಲ್ಲಿ ನನ್ನನ್ನು ಹುಡುಕುತ್ತಿದ್ದ. ನಾನು ನುಗ್ಗಿ ವೇದಿಕೆ ಹತ್ತುವಷ್ಟರಲ್ಲಿ ಮೈಕು ಬೇರೆಯವರ ಕೈಗೆ ಹೋಗಿತ್ತು. ಅಧ್ಯಕ್ಷ ನನ್ನ ಹೆಗಲು ಹಿಡಿದು, "ಆಮ್ಯಾಲ ಮಾತಾಡೋಣು, ಮೊದಲ ಉಣ್ರಿ" ಎಂದು ಕೆಳಗಿಳಿಸಿದ. ಹೊರಗೆ ಬಂದು ನೋಡಿದರೆ ರಾಜದೂತ ಆಗಲೇ ಅವನ ಟೆಂಪೋ ಏರಿತ್ತು.

ಎಸ್‌ಟಿ ಬಸ್ಸಿನಲ್ಲಿ ಮನೆಗೆ ಬಂದೆವು. ಅಪ್ಪನ ತೊಡೆಯ ಮೇಲೆ ಕಾಯಿ, ಹೆಗಲ ಮೇಲೆ ಶಾಲು. ಪೊಲೀಸರ ಹತ್ತಿರ ಹೋಗೋಣ ಎಂದು ನಾನು ಹಟ ಹಿಡಿದೆ. ಅಪ್ಪ ಒಪ್ಪಲಿಲ್ಲ. "ಎಲ್ಲಾರ ಮುಂದ ಕಾಯಿ ಇಸ್ಕೊಂಡೀನಿ. ಈಗ ಕೊಟ್ಟಿಲ್ಲ ಅಂದ್ರ ಮಂದಿ ಮುಂದ ಹೆಂಗ ತಲಿ ಎತ್ತಲಿ?" ಅಂದ. ಮರುದಿನ ಅವ್ವ ಆ ಕಾಯಿಯ ಚಟ್ನಿ ಮಾಡಿದಳು. ಅಪ್ಪ ರೊಟ್ಟಿಗೆ ಬರಿ ಉಪ್ಪು, ಖಾರ ಹಚ್ಚಿಕೊಂಡು ತಿಂದು ಎದ್ದ.

ಅವನಿಗೆ ಗೊತ್ತಿಲ್ಲದಂತೆ ನಾನು ಅಧ್ಯಕ್ಷನ ಮನೆಗೆ ಹೋದೆ. "ಸಾಹೇಬ್ರ, ಗಾಡಿ ನಾವು ಕೊಟ್ಟಿಲ್ರಿ. ನಮ್ಮಪ್ಪಗ ಜೀವ ಅದು" ಅಂದೆ. ಕೈ ಕೂಡ ಮುಗಿದೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವನು ಮೊಬೈಲ್ ತೆಗೆದು ವಿಡಿಯೋ ಹಚ್ಚಿದ. ಅದರಲ್ಲಿ ಅಪ್ಪ ಶಾಲು ಹೊದ್ದು ಕೈ ಮುಗಿಯುತ್ತಿದ್ದ. "ನೋಡ್ರಿ, ನಿಮ್ಮಪ್ಪ ಎಷ್ಟು ಖುಷಿ ಅದಾರ. ಕೊಡೂದಿಲ್ಲ ಅಂತಿದ್ರ ಆಗ ಯಾಕ ಸುಮ್ಮ ನಿಂತ್ರು?"

ಕ್ಲಬ್ಬಿನವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿದೆ. ಎಲ್ಲರಿಗೂ ಗೊತ್ತಿತ್ತು, ಆದರೆ ಬಾಯಿ ಬಿಡುವವರು ಯಾರೂ ಇಲ್ಲ. ಒಬ್ಬ ಟೈರಿನ ಗಾಳಿ ಒತ್ತಿ ನೋಡಿದ, ಒಬ್ಬ ಆಕಾಶ ನೋಡಿದ. "ಜಾವ್ ದ್ಯಾ, ಬಿಟ್ಟಬಿಡು ಮಾರಾಯಾ, ದೊಡ್ಡ ಮಂದಿ ಅವ್ರು" ಎಂದ ಇನ್ನೊಬ್ಬ. ಅವರನ್ನೂ ನಾನು ಕ್ಷಮಿಸಿಲ್ಲ.

ಅಪ್ಪನ ಕಣ್ಣು ಆಗಲೇ ಮಂಜಾಗಿತ್ತು, ಕಿವಿ ಮಾತ್ರ ಚುರುಕು. ರಸ್ತೆಯಲ್ಲಿ ಯಾವುದಾದರೂ ಹಳೆಯ ಗಾಡಿಯ ಸದ್ದು ಕೇಳಿದರೆ ಬಾಯಿಗೆ ಒಯ್ಯುತ್ತಿದ್ದ ತುತ್ತು ಅಲ್ಲೇ ನಿಲ್ಲುತ್ತಿತ್ತು. ಸದ್ದು ಹತ್ತಿರ ಬಂದ ಮೇಲೆ "ನಮ್ಮದಲ್ಲ" ಎಂದು ಮತ್ತೆ ಉಣ್ಣುತ್ತಿದ್ದ. ಅಪ್ಪ ಕಣ್ಣು ಮುಚ್ಚುವುದರೊಳಗೆ ಆ ಗಾಡಿ ನಮ್ಮ ಬಾಗಿಲಿಗೆ ಬರಬೇಕು, ಅದನ್ನು ಒಯ್ದವನು ಮಂದಿಯ ಮುಂದೆ ಮಣ್ಣು ಮುಕ್ಕಬೇಕು. ನನಗೆ ಬೇರೇನೂ ಬೇಕಿರಲಿಲ್ಲ.

ಹಾಗಾಗಿ ನಾನು ಕ್ಲಬ್ ಬಿಡಲಿಲ್ಲ. ಬಿಟ್ಟರೆ ಅವನ ಮುಖ ನೋಡುವುದು ತಪ್ಪುತ್ತಿತ್ತು, ಮುಖ ನೋಡದಿದ್ದರೆ ಸಿಟ್ಟು ಆರಿಹೋದೀತು ಎಂಬ ಹೆದರಿಕೆ ನನಗೆ. ಗೆಳೆಯನೊಬ್ಬನ ಹಳೆಯ ಸ್ಕೂಟರ್ ತೆಗೆದುಕೊಂಡು ಸಾಲಿನ ಕೊನೆಯಲ್ಲಿ ಹೋಗತೊಡಗಿದೆ. ಅದರ ಡಿಕ್ಕಿಯಲ್ಲಿ ಆ ಶಾಲು ಮಡಚಿ ಇಟ್ಟಿದ್ದೆ. ಒಂದಿಲ್ಲೊಂದು ಸಭೆಯಲ್ಲಿ ಅವನ ಮುಖದ ಮೇಲೆ ಎಸೆಯಬೇಕೆಂದು ಒಯ್ಯುತ್ತಿದ್ದೆ, ಎಸೆಯಲಾಗದೆ ವಾಪಸ್ ತರುತ್ತಿದ್ದೆ.

ಅಷ್ಟು ದಿನ ಅವನು ರಾಜದೂತವನ್ನು ಪ್ರದರ್ಶನಕ್ಕೆ ನಿಲ್ಲಿಸುತ್ತಿದ್ದ, ಹೆಚ್ಚೆಂದರೆ ಸೊಲ್ಲಾಪುರದೊಳಗೆ ಒಂದು ಸುತ್ತು. ಅದಕ್ಕೆ ಬೇಕಾದಷ್ಟು ಪೆಟ್ರೋಲನ್ನು ಮನೆಯ ಡ್ರೈವರ್ ಎಣ್ಣೆ ಬೆರೆಸಿ ತುಂಬಿಸಿ ಕೊಡುತ್ತಿದ್ದ. ಆದರೆ ಮೂರನೆಯ ವರ್ಷದ ಅಕ್ಕಲಕೋಟ ಪ್ರವಾಸಕ್ಕೆ ಪುಣೆಯವರು ಮತ್ತೆ ಬಂದಿದ್ದರು. ಅವರೆದುರು ಮೆರೆಯಬೇಕಲ್ಲ. ಕರಿ ಗಾಗಲ್, ಚರ್ಮದ ಜಾಕೀಟು ಹಾಕಿಕೊಂಡು ರಾಜದೂತದ ಮೇಲೆ ಕೂತು, ಅಕ್ಕಲಕೋಟದ ತನಕ ಎಲ್ಲರ ಮುಂದೆ ತಾನೇ ಎಂದು ಸಾರಿದ. ಡ್ರೈವರ್ ಅವತ್ತು ಜೊತೆಗಿರಲಿಲ್ಲ.

ಕುಂಭಾರಿಯ ಚಹಾ ಮುಗಿಸಿ ಎಲ್ಲರೂ ಒಂದು ಪೆಟ್ರೋಲ್ ಪಂಪಿಗೆ ಹೋದೆವು. ಸ್ಕೂಟರಿಗೂ ಎಣ್ಣೆ ಬೇಕು, ಹಾಗಾಗಿ ನಾನು ಬಾಟಲಿ ತೆಗೆದು ನನ್ನ ಟ್ಯಾಂಕಿಗೆ ಸುರಿಯುತ್ತಿದ್ದೆ. ಪಕ್ಕದಲ್ಲೇ ಅಧ್ಯಕ್ಷ ಬಂದು ನಿಂತ. "ಫುಲ್ ಮಾಡು" ಅಂದ. ಪಂಪಿನವನು ಬರಿ ಪೆಟ್ರೋಲನ್ನು ಬಾಯಿತನಕ ತುಂಬಿದ. ಬುಲೆಟ್ಟಿಗೆ ಹೇಗೋ ಹಾಗೆ.

ಹೇಳುವವನೇ ಇದ್ದೆ. ಅಭ್ಯಾಸಕ್ಕೆ ಬಾಯಿ ತೆರೆದಿತ್ತು ಕೂಡ. ಅಷ್ಟರಲ್ಲಿ ಅವನು ನನ್ನ ಕೈಯಲ್ಲಿನ ಬಾಟಲಿ ನೋಡಿ ಎಲ್ಲರಿಗೂ ಕೇಳಿಸುವಂತೆ, "ನೋಡ್ರಿ ಇವನ್ನ, ಕುರಿಗಿ ಔಷಧ ಕುಡಿಸಿದಂಗ ಸ್ಕೂಟರಿಗಿ ಕುಡಸಾಕತ್ತಾನ. ಹುಟ್ಟಗುಣ ಬಿಡೂದಿಲ್ಲ" ಎಂದು ನಕ್ಕ. ನಾಲ್ಕು ಮಂದಿ ನಕ್ಕರು. ನಾನೂ ನಕ್ಕೆ. ಬಾಟಲಿಯ ಮುಚ್ಚಳ ಬಿಗಿದು ಡಿಕ್ಕಿಯೊಳಗೆ ಶಾಲಿನ ಪಕ್ಕದಲ್ಲಿಟ್ಟೆ.

ಜಾಮ್ ಆದರೆ ಗೀರು ಬೀಳುವುದು ಅಪ್ಪನ ಸಿಲಿಂಡರಿಗೇ ಎಂದು ನನಗೆ ಗೊತ್ತಿತ್ತು. ಓಡುವ ಗಾಡಿಯ ಹಿಂದಿನ ಚಕ್ರ ತಟ್ಟನೆ ನಿಂತರೆ ಕೂತವನು ಬೀಳುತ್ತಾನೆ ಎನ್ನುವುದೂ ಗೊತ್ತಿತ್ತು. ಬೀಳಲಿ ಅಂದೆ ಮನಸ್ಸಿನಲ್ಲಿ. ಇಷ್ಟು ದಿನ ಇವರೆಲ್ಲ ಬಾಯಿ ಮುಚ್ಚಿಕೊಂಡಿದ್ದರು, ಈ ಒಂದು ಪಂಪಿನಲ್ಲಿ ನಾನು ಮುಚ್ಚಿಕೊಳ್ಳುತ್ತೇನೆ ಅಂದೆ.

ಅವತ್ತು ಮಾತ್ರ ನಾನು ಸಾಲಿನ ಕೊನೆಯಲ್ಲಿ ಹೋಗಲಿಲ್ಲ. ಅವನ ಹಿಂದೆಯೇ, ಸ್ವಲ್ಪ ಜಾಗ ಬಿಟ್ಟು ಹೋದೆ. ಟ್ಯಾಂಕಿನ ತಳದಲ್ಲಿ ಹಳೆಯ ಬೆರಕೆ ಪೆಟ್ರೋಲ್ ಇನ್ನೂ ಇದ್ದಿರಬೇಕು, ಗಾಡಿ ಚೆನ್ನಾಗಿಯೇ ಓಡಿತು. ವಳಸಂಗ ದಾಟಿದ ಮೇಲೆ ಸದ್ದು ಬದಲಾಯಿತು. ದಪ್ಪನೆಯ ಸದ್ದು ಹೋಗಿ ಒಣಗಿದ, ಕರಕರ ಅನ್ನುವ ಸದ್ದು. ಅಪ್ಪನಾಗಿದ್ದರೆ ಅಲ್ಲೇ ಕ್ಲಚ್ ಹಿಡಿದು ನಿಲ್ಲಿಸುತ್ತಿದ್ದ. ಇವನು ಇನ್ನಷ್ಟು ರೇಸ್ ಕೊಟ್ಟ.

ಹಿಂದಿನ ಚಕ್ರ ಕಿರ್ರನೆ ನಿಂತಿತು. ಟಾರಿನ ಮೇಲೆ ಕರಿ ಗೆರೆ ಎಳೆಯುತ್ತ ಗಾಡಿ ಅಡ್ಡಾದಿಡ್ಡಿ ಹೋಗಿ ಜೋಳದ ಹೊಲದ ಬದುವಿಗೆ ತಗುಲಿತು, ಅವನು ಜಾಲಿ ಕಂಟಿಯೊಳಗೆ ಬಿದ್ದ. ಪ್ಯಾಂಟು ಹರಿದು ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎದ್ದು ಬಂದು ಕಿಕ್ ಹೊಡೆದ. ಕಿಕ್ ಕಲ್ಲಿನಂತೆ ನಿಂತಿತ್ತು. ಅದರ ಮೇಲೆ ಎರಡೂ ಕಾಲಿಟ್ಟು ಜಿಗಿದ. ಅಷ್ಟರಲ್ಲಿ ಕ್ಲಬ್ಬಿಗೆ ಕ್ಲಬ್ಬೇ ಸುತ್ತ ನೆರೆದು ಮೊಬೈಲ್ ಎತ್ತಿ ಹಿಡಿದಿತ್ತು.

ಪುಣೆಯವರಲ್ಲಿ ಒಬ್ಬ ಕನ್ನಡ ಬಲ್ಲವನಿದ್ದ. "ಎಣ್ಣಿ ಹಾಕಿದ್ರೇನ್ರಿ?" ಎಂದು ಕೇಳಿದ.

"ಯಾವ ಎಣ್ಣಿ?" ಅಂದ ಅಧ್ಯಕ್ಷ.

ಮೊದಲು ಯಾರೋ ಹಿಂದೆ ನಕ್ಕರು, ಆಮೇಲೆ ಎಲ್ಲರೂ. ಟೈರಿನ ಗಾಳಿ ನೋಡಿದವನೂ, ಆಕಾಶ ನೋಡಿದವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹಳೆಯ ಗಾಡಿಗಳ ಕ್ಲಬ್ಬಿನ ಅಧ್ಯಕ್ಷನಿಗೆ ರಾಜದೂತಕ್ಕೆ ಎಣ್ಣೆ ಬೆರೆಸಬೇಕೆನ್ನುವುದು ಗೊತ್ತಿಲ್ಲ. ಜಿಲ್ಲೆ ತುಂಬ ನಗಲು ಇಷ್ಟು ಸಾಕು.

ಗಾಡಿಯನ್ನು ಟೆಂಪೋದಲ್ಲಿ ಹಾಕಿ ಅಕ್ಕಲಕೋಟಕ್ಕೆ ತಂದರು. ನಾನು ಗುಡಿಯ ಹೊರಗಿನ ಅಂಗಡಿಯಲ್ಲಿ ಒಂದು ಕಾಯಿ ತೆಗೆದುಕೊಂಡೆ. ಊಟಕ್ಕೆ ಮೊದಲು ಆಭಾರ ಮನ್ನಣೆಯ ಮಾತಾಡುತ್ತೇನೆಂದು ಮೈಕು ಕೇಳಿದೆ. ಯಾರಿಗೂ ಸಂಶಯ ಬರಲಿಲ್ಲ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಅಧ್ಯಕ್ಷನನ್ನು ಎಬ್ಬಿಸಿ, ಅದೇ ಶಾಲು ಹೊದಿಸಿ, ಕೈಗೆ ಕಾಯಿ ಕೊಟ್ಟೆ. ರೂಢಿ ನೋಡಿ, ಅವನೂ ಕೈ ಮುಗಿದ.

"ನಮ್ಮ ಸಾಹೇಬ್ರ ಮನಸ್ಸು ಭಾಳ ದೊಡ್ಡದು" ಅಂದೆ ಮೈಕಿನಲ್ಲಿ. "ಮುದುಕನ ರಾಜದೂತ ಮುದುಕಗ ಹೊಳ್ಳಿ ಅರ್ಪಣ ಮಾಡಾಕತ್ತಾರ. ಎಲ್ಲಾರೂ ಜೋರಾಗಿ ಚಪ್ಪಾಳಿ ಬಡೀರಿ."

ಬಡಿದರು. ರಸ್ತೆಯಲ್ಲಿ ನಕ್ಕ ಹುರುಪು ಇನ್ನೂ ಇಳಿದಿರಲಿಲ್ಲ, ಸೀಟಿಯನ್ನೂ ಹೊಡೆದರು. ಅಧ್ಯಕ್ಷ ಕಾಯಿ ಹಿಡಿದುಕೊಂಡು ಜನರ ಕಡೆ ನೋಡಿದ. ಅಪ್ಪ ನೋಡಿದ ಹಾಗೆಯೇ. ನಾನು ಅವನ ಕಿವಿಯ ಹತ್ತಿರ ಹೋಗಿ, "ವಿಡಿಯೋ ಆಗೇತ್ರಿ. ಬೇಕಂದ್ರ ಕಳಸ್ತೀನಿ" ಅಂದೆ. ಅದನ್ನು ಹೇಳುವಾಗ ನಾಲಿಗೆಗೆ ಎಷ್ಟು ರುಚಿ ಹತ್ತಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಅವತ್ತೇ ಗಾಡಿಯನ್ನು ಅದೇ ಟೆಂಪೋದಲ್ಲಿ ಸೊಲ್ಲಾಪುರಕ್ಕೆ ಒಯ್ದು, ಸಿಲಿಂಡರ್ ಕೊರೆಸಿ, ಹೊಸ ಪಿಸ್ಟನ್ ಹಾಕಿಸಿ, ಎಣ್ಣೆ ಬೆರೆಸಿ, ತೂಗಿ, ಗಾಡಿಯನ್ನು ಹೋಟಗಿಗೆ ಓಡಿಸಿಕೊಂಡು ಬಂದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಅವ್ವ ಆಮೇಲೆ ಹೇಳಿದಳು, ನಾನು ಇನ್ನೂ ರೈಲ್ವೆ ಗೇಟಿನ ಆಚೆ ಇದ್ದಾಗಲೇ ಅಪ್ಪ ತುತ್ತು ಕೆಳಗಿಟ್ಟು ಎದ್ದು ನಿಂತು "ನಮ್ಮದು" ಅಂದನಂತೆ.

ಅಪ್ಪ ಗಾಡಿಯ ಸುತ್ತ ಕೈಯಾಡಿಸಿದ. ಹೆಡ್‌ಲೈಟಿನ ಸಂದಿಯಲ್ಲಿ ಉಗುರು ಹಾಕಿ ನೋಡಿದ. ಅವರು ಉಜ್ಜಿ ತೆಗೆದಿದ್ದರು, ಭಂಡಾರ ಇರಲಿಲ್ಲ. ಬಗ್ಗಿ ಎಂಜಿನ್ನಿಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದ. ಆಮೇಲೆ ಬಂದ್ ಮಾಡು ಎಂದು ಕೈ ಮಾಡಿದ.

"ಬೋರ್ ಮಾಡಿಸೀದಿ" ಅಂದ. "ಜಾಮ್ ಆಗಿತ್ತು."

"ಹೌದಪಾ. ಅವ ಎಣ್ಣಿ ಹಾಕಲಾರದ ಓಡಿಸಿದ."

"ಪೆಟ್ರೋಲ್ ಹಾಕ್ಸಾಗ ಹೇಳಾವ್ರು ಯಾರೂ ಇರ್ಲಿಲ್ಲೇನು?"

"ಎಲ್ಲಾರೂ ಇದ್ರು."

"ನೀ?"

ಸುಳ್ಳು ಹೇಳಬಹುದಿತ್ತು. "ನಾನೂ ಇದ್ದೆ. ಎಣ್ಣಿ ಬಾಟ್ಲಿ ನನ್ನ ಕೈಯಾಗ ಇತ್ತು" ಅಂದೆ.

ಅಪ್ಪ ಟ್ಯಾಂಕಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಸ್ಟ್ಯಾಂಡ್ ಜೋರಾಗಿ ಹಾಕಿದರೂ ಬೈಯುತ್ತಿದ್ದ ಮನುಷ್ಯ. ನಾನು ತಲೆ ತಗ್ಗಿಸಿ ನಿಂತೆ. ಅವ್ವ ಬಾಗಿಲಿಗೆ ಬಂದು ನಿಂತಳು.

"ಚಕ್ರ ನಿಂತಾಗ ಅವನ ಮಾರಿ ಹೆಂಗಿತ್ತು?" ಎಂದು ಕೇಳಿದ ಅಪ್ಪ.

ಬೈಯುತ್ತಾನೆಂದುಕೊಂಡಿದ್ದ ನನಗೆ ಅವನು ಕೇಳಿದ್ದೇನೆಂದು ಮೊದಲು ತಿಳಿಯಲೇ ಇಲ್ಲ. ತಿಳಿದ ಮೇಲೆ ಹೇಳಿದೆ. ಗಾಗಲ್ ಒಂದೇ ಕಿವಿಗೆ ಜೋತುಬಿದ್ದದ್ದು, ಮೀಸೆಯಲ್ಲಿ ಮಣ್ಣು, ಜಾಕೀಟಿಗೆ ಜಾಲಿ ಮುಳ್ಳು ಚುಚ್ಚಿಕೊಂಡು ಬಿಡಿಸಿಕೊಳ್ಳಲಾಗದೆ ಒದ್ದಾಡಿದ್ದು, ಯಾವ ಎಣ್ಣಿ ಅಂದದ್ದು. ಶಾಲು ಹೊದಿಸಿದಾಗ ಕೈ ಮುಗಿದದ್ದು. ಅಪ್ಪ ಹೊರಸಿನ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದ. ನಗಲಿಲ್ಲ.

"ಇನ್ನೊಮ್ಮಿ ಹೇಳು" ಅಂದ. "ಸಾವಕಾಶ ಹೇಳು. ಪಂಪಿನಿಂದ ಹಿಡದು ಹೇಳು."