ಕಡಲ ಕಲ್ಲಿನ ಸುರುಳಿ

ನಮ್ಮ ಭೂವಿಜ್ಞಾನದ ಮೇಷ್ಟ್ರು ಯಾವ ಕಲ್ಲು ಕೈಗೆ ಸಿಕ್ಕರೂ ಮೊದಲು ನಾಲಿಗೆಯ ತುದಿಯಿಂದ ನೆಕ್ಕಿ ನೋಡುತ್ತಿದ್ದರು. ಒದ್ದೆಯಾದರೆ ಕಲ್ಲಿನ ಬಣ್ಣ ಎದ್ದು ಕಾಣುತ್ತದೆ, ಜೇಡಿಯಿದ್ದರೆ ನಾಲಿಗೆಗೆ ಅಂಟುತ್ತದೆ ಎನ್ನುವುದು ಅವರ ಲೆಕ್ಕ. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಮೇಷ್ಟ್ರಿಗೆ ಅದರ ಪರಿವೆಯೇ ಇರಲಿಲ್ಲ. ಮೀಸೆಗೆ ಅಂಟಿದ ಕಲ್ಲುಪುಡಿಯ ಸಮೇತ ಪಾಠ ಮುಂದುವರಿಸುತ್ತಿದ್ದರು.

ಲೊಕ್ಕನಹಳ್ಳಿಯಿಂದ ಕೊಳ್ಳೇಗಾಲದ ಕಾಲೇಜಿಗೆ ನಾನು ಬಸ್ಸಿನಲ್ಲಿ ಓಡಾಡುತ್ತಿದ್ದೆ. ಸಂಜೆಯ ಬಸ್ಸು ತಪ್ಪಿದರೆ ಮೇಷ್ಟ್ರ ಮನೆಯಲ್ಲೇ ಊಟ, ನಿದ್ದೆ. ನನಗಿಂತ ಚಿಕ್ಕವಳಾದ ಅವರ ಮಗಳು ನನ್ನ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದಳು. ಮನೆಗೆ ಬಂದವರಿಗೆ ಮೇಷ್ಟ್ರು, "ಇವ್ಳೂ ನನ್ ಮಗ್ಳೇ ಕಣ್ರಿ" ಎಂದು ನನ್ನನ್ನು ತೋರಿಸುತ್ತಿದ್ದರು. ನಾನು ಅದನ್ನು ನಂಬಿದ್ದೆ.

"ನಮ್ ಸೀಮೆ ಬಂಡೆ ಹುಟ್ದಾಗ ಇಲ್ಲಿ ಓಡಾಡೋ ಜೀವಾನೇ ಇರ್ನಿಲ್ಲ ಕಣವ್ವ. ಕಲ್ಲಲ್ಲಿ ಹೆಜ್ಜೆ ನೋಡ್ಬೇಕು ಅಂದ್ರೆ ಕಡಲ ತಾವ್ಕೇ ಓಗ್ಬೇಕು" ಎನ್ನುತ್ತಿದ್ದರು. ಡಿಗ್ರಿಯ ಕೊನೆಯ ವರ್ಷ ನಮ್ಮನ್ನೆಲ್ಲ ಕೇರಳದ ಒಂದು ಕಡಲತೀರಕ್ಕೆ ಕರೆದುಕೊಂಡೂ ಹೋದರು.

ಅಲ್ಲಿ ಕೆಂಪು ದಿಬ್ಬದಿಂದ ಉರುಳಿ ಬಿದ್ದ ಒಂದು ಚಪ್ಪಡಿಯ ಮೇಲೆ ಬೆರಳು ಗಾತ್ರದ ಕೊಳವೆಗಳು ಉಬ್ಬಿ ನಿಂತಿದ್ದವು. ಮೈತುಂಬ ಗಂಟುಗಂಟು, ಥೇಟು ಮುಸುಕಿನ ಜೋಳದ ತೆನೆ. ಯಾರೋ ಮೂಳೆ ಎಂದರು, ಇನ್ಯಾರೋ ಬೇರು ಎಂದರು. ಮೇಷ್ಟ್ರು ಮರಳಿನಲ್ಲಿ ಮಂಡಿಯೂರಿ, ಮುರಿದ ತುದಿಯನ್ನು ತೋರಿಸಿದರು. "ಒರಗೆ ಗಂಟು, ಒಳಗೆ ನುಣ್ಪು. ಮೂಳೆ ಹಿಂಗಿರ್ತದಾ? ಇದು ಸಿಗಡಿ ಜಾತಿದು ಕೊರೆದ ಬಿಲ. ಮರಳು ಕುಸೀಬಾರ್ದು ಅಂತ ಕೆಸರಿನ ಉಂಡೆ ಮಾಡಿ ಗೋಡೆಗೆ ಮೆತ್ಕೊಂಡದೆ. ಪ್ರಾಣಿ ಓಯ್ತು, ಅದು ಮಾಡಿದ ಕೆಲ್ಸ ಉಳೀತು!" ಪಳೆಯುಳಿಕೆ ಎಂದರೆ ಮೂಳೆ, ಚಿಪ್ಪು ಎಂದುಕೊಂಡಿದ್ದ ನನಗೆ ಒಂದು ಜೀವ ಬದುಕಿದ ಗುರುತೂ ಕಲ್ಲಾಗುತ್ತದೆ ಎಂದು ಗೊತ್ತಾದದ್ದು ಆಗ.

ಎಲ್ಲರೂ ಅಲೆಗಳ ಕಡೆ ಓಡಿದರು. ನಾನು ಚಪ್ಪಡಿಯ ಬಳಿಯೇ ಉಳಿದೆ. ಪಕ್ಕದಲ್ಲಿ ಬೇರೊಂದು ಕೊಳವೆ ತಿರುಪಿನಂತೆ ಸುತ್ತಿಕೊಂಡು ಕೆಳಗಿಳಿದಿತ್ತು. ಅದರ ಮೈಯಲ್ಲಿ ಗಂಟುಗಳಿರಲಿಲ್ಲ. ಅದು ಇನ್ನಾವುದೋ ಪ್ರಾಣಿಯದು ಎಂದು ಮೇಷ್ಟ್ರು ಆಗಲೇ ಹೇಳಿದ್ದರು. ಬೆರಳಾಡಿಸುತ್ತ ಹೋದಂತೆ ಸುರುಳಿಯ ಮೇಲ್ತುದಿಯಲ್ಲಿ ಒಂದೆರಡು ಗಂಟು ಸಿಕ್ಕಿದವು. ಇನ್ನಷ್ಟು ಮರಳು ಕೆರೆದರೆ ಅದು ನೇರವಾಗಿ ಜೋಳದ ತೆನೆಯಂಥ ಕೊಳವೆಗೇ ಸೇರಿಕೊಂಡಿತ್ತು. ಎರಡು ಪ್ರಾಣಿಯಲ್ಲ, ಒಂದೇ ಪ್ರಾಣಿಯ ಒಂದೇ ಮನೆ. ಅಳತೆಗೆಂದು ತಲೆಯ ಹಸಿರು ಕ್ಲಿಪ್ಪನ್ನು ಬಿಚ್ಚಿ ಪಕ್ಕದಲ್ಲಿಟ್ಟು ಫೋಟೊ ತೆಗೆದೆ. ಕೂಗಿ ಕರೆದಾಗ ಮೇಷ್ಟ್ರು ಓಡಿ ಬಂದರು. ಬಹಳ ಹೊತ್ತು ನೋಡಿ, "ನನ್ ಕಣ್ಗೇ ಬೀಳ್ನಿಲ್ವಲ್ಲವ್ವ" ಎಂದರು.

ಆ ವರ್ಷವೆಲ್ಲ ಅವರ ಮನೆಯ ಜಗಲಿಯಲ್ಲಿ ಕೂತು ಅದರ ಬಗ್ಗೆ ಲೇಖನ ಬರೆದೆ. ಅವರು ತಿದ್ದಿದರು, ನಾನು ಮತ್ತೆ ಬರೆದೆ. ಮುಂದೆ ಸಂಶೋಧನೆಗೆ ಸೇರಲು ನನ್ನ ಕೈಲಿದ್ದದ್ದು ಅದೊಂದೇ. "ಪತ್ರಿಕೆಗೆ ಕಳ್ಸೋದು ನಾನ್ ನೋಡ್ಕತೀನಿ" ಎಂದರು. ಆಮೇಲೆ ಕೇಳಿದಾಗಲೆಲ್ಲ, "ಇನ್ನೂ ನೋಡ್ತಾವ್ರೆ, ತಡ್ಕೊ" ಎನ್ನುತ್ತಿದ್ದರು. ತಡೆದುಕೊಂಡೆ. ಕಾಯುತ್ತಲೇ ಬಿ.ಎಡ್. ಮುಗಿಸಿ ಯಳಂದೂರಿನಲ್ಲಿ ಶಾಲೆಯ ಕೆಲಸಕ್ಕೆ ಸೇರಿದೆ.

ಮೇಷ್ಟ್ರ ಮಗಳು ಮೈಸೂರಿನಲ್ಲಿ ಭೂವಿಜ್ಞಾನದಲ್ಲೇ ಎಂ.ಎಸ್ಸಿ. ಓದುತ್ತಿದ್ದಳು. ಅವಳು ಒಂದು ವಿಚಾರ ಸಂಕಿರಣದಲ್ಲಿ ಮಾತಾಡುತ್ತಾಳೆಂದು ತಿಳಿದು, ತಂಗಿಯ ಮಾತು ಕೇಳಲೆಂದು ರಜೆ ಹಾಕಿ ಹೋದೆ. ಪರದೆಯ ಮೇಲೆ ಸುರುಳಿ ಬಂತು, ಪಕ್ಕದಲ್ಲಿ ನನ್ನ ಹಸಿರು ಕ್ಲಿಪ್ಪು. ಕೆಳಗೆ ಅಪ್ಪ ಮಗಳ ಹೆಸರು, ಅಷ್ಟೇ. ಮುಂದಿನ ಸಾಲಿನಲ್ಲಿ ಕೂತಿದ್ದ ಮೇಷ್ಟ್ರು ಚಪ್ಪಾಳೆ ತಟ್ಟುತ್ತಿದ್ದರು.

ಹೊರಗಿನ ಮೆಟ್ಟಿಲ ಬಳಿ ಅವರನ್ನು ಹಿಡಿದು ನಿಲ್ಲಿಸಿದೆ. "ಸಾ, ಆ ಕ್ಲಿಪ್ಪು ನಂದು."

"ಕ್ಲಿಪ್ಪು ನಿಂದೇ ಕಣವ್ವ. ಯಾರಿಲ್ಲ ಅಂದ್ರು?"

ನಾನು ಕದಲಲಿಲ್ಲ. ಅವರು ದನಿ ತಗ್ಗಿಸಿದರು. "ನಿಂಗೆ ಕಣ್ಣದೆ, ನಾಳೆ ಇನ್ನೊಂದ್ ಸಿಕ್ತದೆ. ಅವ್ಳಿಗೆ ಏನದೆ ಹೇಳು? ಅಪ್ಪ ಆದೋನು ನಾನು."

ನನ್ನನ್ನೂ ಮಗಳು ಎಂದವರು ಅವರೇ. ಬಾಯಿಗೆ ಬಂದ ಆ ಮಾತನ್ನು ನುಂಗಿಕೊಂಡು ಬಸ್ಸು ಹತ್ತಿದೆ. ಮತ್ತೆ ಅವರ ಮನೆಯ ಕಡೆ ತಲೆ ಹಾಕಲಿಲ್ಲ, ಸಂಶೋಧನೆಗೆ ಅರ್ಜಿಯನ್ನೂ ಹಾಕಲಿಲ್ಲ. ಇನ್ನೊಂದು ಸಿಕ್ಕರೂ ಯಾರ ಕೈಗೆ ಕೊಡುವುದು?

ಕಳೆದ ಆಷಾಢದಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಹೋಗಬಾರದೆಂದುಕೊಂಡೇ ಹೋದೆ. ಈಗ ಕಾಲೇಜೊಂದರಲ್ಲಿ ಪಾಠ ಮಾಡುವ ಮಗಳು ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ಅಕ್ಕ, ಆಸ್ಪತ್ರೇಲಿದ್ದಾಗ ಅಪ್ಪ ಹೇಳುದ್ರು, ಆ ಸುರುಳೀನ ಕಂಡಿದ್ದು ನೀವು ಅಂತ. ಅಲ್ಲೀವರ್ಗೂ ಅವ್ರೇ ಕಂಡಿದ್ದು, ಜಗಲೀಲಿ ನೀವು ಬರೀತಿದ್ದದ್ದು ಅವ್ರು ಹೇಳುದ್ದನ್ನ ಅಂದ್ಕೊಂಡಿದ್ದೆ, ಸತ್ಯವಾಗ್ಲೂ."

"ಗೊತ್ತಾದ್ ಮೇಲೆ ಯಾರಿಗಾದ್ರೂ ಹೇಳುದ್ಯಾ?"

ಅವಳು ಅಳುತ್ತಲೇ ನನ್ನ ಕೈ ಹಿಡಿದುಕೊಂಡಳು. "ಈಗ ಹೇಳುದ್ರೆ ಅಪ್ಪನ್ ಹೆಸ್ರು ಏನಾಯ್ತದೆ ಅಕ್ಕ?"

ಕೈ ಬಿಡಿಸಿಕೊಂಡು ನಡುಮನೆಗೆ ಬಂದೆ. ಜನ ದಾರಿ ಬಿಟ್ಟರು. ಅಲ್ಲಿ ಮಲಗಿಸಿದ್ದ ಮೇಷ್ಟ್ರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಮಾಡಲು ಮನಸ್ಸಿರಲಿಲ್ಲ. ಆದರೆ ಕಲ್ಲನ್ನು ನೋಡುವುದು ಹೇಗೆಂದು ನನಗೆ ಕಲಿಸಿದವರು ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ.